ಚಾತುರ್ಮಾಸ್ಯದ ಮಳೆ

“ತಗೋ ಪ್ರಮಿತಾ, ಇನ್ನೊಂದು ಉಂಡಿ ತಗೋ! ನಮ್ಮ ಮನಿ ಹೆಸರು ಪೇಪರಿನಾಗ ಬಂದದ. ಇವತ್ತ ಒಂದಕ್ಕ ಸಾಕಂದ್ರ ನಾ ಕೇಳಂಗಿಲ್ಲ!”

ಮಾವ ಶ್ರೀರಾಮಾಚಾರ್ಯರು ಬೇಸನ್ ಉಂಡಿಯ ಡಬ್ಬಿಯನ್ನು ಸೊಸೆಯ ಮುಂದೆ ಹಿಡಿದು ನಿಂತಿದ್ದರು. ಅರವತ್ತೆಂಟು ವರ್ಷದ ಆ ಮುಖದಲ್ಲಿ ಹಬ್ಬದ ಕಳೆ! ಪಡಸಾಲೆಯ ಪರಸಿಕಲ್ಲಿನ ನೆಲದ ಮೇಲೆ ಪತ್ರಿಕೆ ಬಿಡಿಸಿಟ್ಟಿತ್ತು. ‘ಸೇಡಂ ಸೊಸೆಯ ಸಂಶೋಧನೆ: ಹಿಂದೆ ಸರಿದ ಮುಂಗಾರು’ ಎಂಬ ತಲೆಬರಹದ ಕೆಳಗೆ ಪ್ರಮಿತಾಳ ಚಿಕ್ಕ ಫೋಟೊ. ಓಣಿಯ ಜನ ಒಬ್ಬೊಬ್ಬರಾಗಿ ಬಂದು ನೋಡಿ, ಬಾಯಿ ಸಿಹಿ ಮಾಡಿಕೊಂಡು ಹೋಗುತ್ತಿದ್ದರು. ಪ್ರಮಿತಾ ಮಾತ್ರ ಬಾಯಿಗಿಟ್ಟ ಉಂಡಿಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹೊರಳಿಸುತ್ತಿದ್ದಳು. ಅವಳು ತಲೆ ತಗ್ಗಿಸಿದ್ದನ್ನು ಕಂಡವರು, ‘ಎಷ್ಟು ಸಂಕೋಚದ ಹುಡುಗಿ!’ ಎಂದು ಮೆಚ್ಚಿಕೊಂಡರು. ಅಯ್ಯೋ… ಆ ತಲೆ ಯಾಕೆ ತಗ್ಗಿತ್ತೆಂದು ಅವರಿಗೇನು ಗೊತ್ತು!

ಪ್ರಮಿತಾ ಚಿತ್ತಾಪುರದ ಹುಡುಗಿ. ಬಿ.ಎಸ್ಸಿ. ಮುಗಿಸಿದ ವರ್ಷವೇ ಮದುವೆಯಾಗಿ ಈ ಮನೆಗೆ ಬಂದು ಏಳು ವರ್ಷವಾಗಿತ್ತು. ಗಂಡ ಸುಮಧ್ವ ವಾಡಿಯಲ್ಲಿ ರೈಲ್ವೆ ಗುಮಾಸ್ತ. ಕಲಬುರಗಿಯಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಹೊಸದಾಗಿ ಸ್ನಾತಕೋತ್ತರ ಪದವಿ ಶುರುವಾದ ಸುದ್ದಿ ತಿಳಿದಾಗ ಅವಳು ಅಂಜುತ್ತ ಅಂಜುತ್ತಲೇ ಮನೆಯಲ್ಲಿ ಬಾಯಿ ಬಿಟ್ಟಿದ್ದಳು. ಅತ್ತೆ ಲೀಲಾಬಾಯಿ ಕಿಡಿ ಕಾರಿದರು. “ಮಳಿ ಯಾವಾಗ ಬರ್ತದಂತ ತಿಳಕೊಳ್ಳಾಕ ಎರಡು ವರ್ಷ ಕಾಲೇಜಿಗೆ ಹೋಗಬೇಕೇನ? ಪಂಚಾಂಗ ತೆರದರ ಸಾಕು! ಮಡಿ ಅಡಿಗಿ ಬಿಟ್ಟು ಮುಂಜಾನೆ ಬಸ್ ಹತ್ತೋ ಸೊಸಿ ನನಗ ಬ್ಯಾಡ!” ತಾಯಿಗೂ ಸೈ, ಹೆಂಡತಿಗೂ ಸೈ ಎನ್ನುವ ಜಾತಿಯ ಗಂಡಸು ಸುಮಧ್ವ.

ಆಗ ಅವಳ ಕೈ ಹಿಡಿದವರು ಮಾವ ಒಬ್ಬರೇ. ಆಚಾರ್ಯರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಮನೆಯ ಗೋಡೆಗೆ ಹೊಂದಿಕೊಂಡೇ ಶಾಲೆ. ಶಾಲೆಯ ಅಂಗಳದಲ್ಲಿ ಸರ್ಕಾರದ ಮಳೆಮಾಪಕ. ದಿನಾ ಬೆಳಿಗ್ಗೆ ಎಂಟೂವರೆಗೆ ಅದರಲ್ಲಿನ ನೀರನ್ನು ಅಳತೆಯ ಗಾಜಿಗೆ ಸುರಿದು, ಎಷ್ಟು ಮಿಲಿಮೀಟರ್ ಎಂದು ನೋಡಿ ಬರೆದಿಡುವ ಕೆಲಸ ೧೯೬೮ರಿಂದಲೂ ಅವರದೇ. ಒಂದು ದಿನ ತಪ್ಪಿದ್ದಿಲ್ಲ. “ನಲವತ್ತು ವರ್ಷ ಮಳಿ ಅಳದೀನಿ. ಅದು ಏನ್ ಹೇಳ್ತದ ಅಂತ ಕೇಳೋರು ಒಬ್ಬರೂ ಸಿಗಲಿಲ್ಲ. ನನ್ನ ಸೊಸಿ ಕೇಳ್ತಾಳ, ಕೇಳ್ಲಿ ಬಿಡು!” ಎಂದು ಹೆಂಡತಿಯ ಬಾಯಿ ಮುಚ್ಚಿಸಿ, ಮೊದಲ ದಿನ ತಾವೇ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಸೊಸೆಗೆ ಸೀಟು ಹಿಡಿದುಕೊಟ್ಟು ಬಂದಿದ್ದರು. ಹೆತ್ತ ತಂದೆಯಾದರೂ ಅಷ್ಟು ಮಾಡುತ್ತಿದ್ದನೋ ಇಲ್ಲವೋ!

ಆ ನಲವತ್ತು ವರ್ಷದ ಪುಸ್ತಕಗಳಿಂದಲೇ ಅವಳ ಪ್ರಬಂಧ ಹುಟ್ಟಿತ್ತು. ೧೯೮೧ರಿಂದ ಈಚೆಗೆ ಜೂನ್ ಮಳೆಯ ಪಾಲು ಕಡಿಮೆಯಾಗಿದೆ, ಜುಲೈ ನಂತರದ ಮಳೆ ಒಮ್ಮೆಲೇ ಏರಿದೆ, ನಮ್ಮ ಕಾಗಿಣಾ ಹೊಳೆಯ ಸೀಮೆಗೂ ಹವಾಮಾನದ ಬದಲಾವಣೆ ಕಾಲಿಟ್ಟಿದೆ ಎಂದು ಅವಳು ಮೊನ್ನೆಯಷ್ಟೇ ವಿಚಾರ ಸಂಕಿರಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಳು. ಸಂಕಿರಣ ಮುಗಿದ ಮೇಲೆ ಮಾರ್ಗದರ್ಶಕಿ ಮೇಡಂ ಒಂದು ಮಾತು ಹೇಳಿದ್ದರು: “ಚಿತ್ತಾಪುರ, ಚಿಂಚೋಳಿಯ ಲೆಕ್ಕಾನೂ ಪಕ್ಕಕ್ಕಿಟ್ಟು ನೋಡ್ರಿ.”

ನಿನ್ನೆ ಮಧ್ಯಾಹ್ನ ಅವಳು ಇಟ್ಟು ನೋಡಿದಳು. ೧೯೮೧ರಿಂದ ಈಚೆಗೆ ಪ್ರತಿ ವರ್ಷವೂ ಮೂರು ಊರಿನ ಮಳೆ ಒಂದು ನಿರ್ದಿಷ್ಟ ದಿನದವರೆಗೆ ಹೆಚ್ಚೂ ಕಡಿಮೆ ಜೊತೆಜೊತೆಗೇ ಸಾಗುತ್ತಿತ್ತು. ಆ ದಿನ ದಾಟಿದ್ದೇ ತಡ, ಸೇಡಂನ ಅಂಕಿ ಒಂದೂವರೆ ಪಟ್ಟು! ಅದೂ ಬರೀ ಸೇಡಂನದು. ಚಿತ್ತಾಪುರದಲ್ಲಿ ಇಲ್ಲದ, ಚಿಂಚೋಳಿಯಲ್ಲಿ ಇಲ್ಲದ ಹವಾಮಾನ ಬದಲಾವಣೆ ನಡುವಿನ ಒಂದು ಊರಿಗೆ ಮಾತ್ರ ಬರುತ್ತದೆಯೇ? ಆ ‘ಒಂದು ದಿನ’ವೂ ವರ್ಷಕ್ಕೊಂದು ರೀತಿ. ೨೦೦೪ರಲ್ಲಿ ಜೂನ್ ಕೊನೆ, ಮರುವರ್ಷ ಜುಲೈ ಹದಿನೆಂಟು, ಅದರ ಮರುವರ್ಷ ಜುಲೈ ಏಳು… ಮೇಡಂ ನೋಡಿದ್ದರೆ ಅವರಿಗೆ ತಲೆ ಬುಡ ತಿಳಿಯುತ್ತಿರಲಿಲ್ಲ. ಮಠದ ಪಂಚಾಂಗ ನೋಡಿಕೊಂಡೇ ಬೆಳೆದ ಹುಡುಗಿ ತಕ್ಷಣ ಗುರುತು ಹಿಡಿದಳು. ಎಲ್ಲವೂ ಆಷಾಢ ಏಕಾದಶಿಗಳು! ಚಾತುರ್ಮಾಸ್ಯ ಹಿಡಿಯುವ ದಿನಗಳು!

ತಮ್ಮ ತಂದೆ ತೀರಿಕೊಂಡ ೧೯೮೧ರಲ್ಲಿ ಆಚಾರ್ಯರು ಮಳಖೇಡದ ಮಠಕ್ಕೆ ಹೋಗಿ ವ್ರತ ಹಿಡಿದಿದ್ದರು. ಆಷಾಢದಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳು ಕಟ್ಟುನಿಟ್ಟಿನ ಮಡಿ, ಪೂಜೆ ಮುಗಿಯುವುದರೊಳಗೆ ಹನ್ನೊಂದು ಗಂಟೆ. ಎಂಟೂವರೆಗೆ ಅಂಗಳಕ್ಕೆ ಇಳಿಯುವುದು ಹೇಗೆ? ಆ ನಾಲ್ಕು ತಿಂಗಳು ಶಾಲೆಯ ಕಸ ಗುಡಿಸುವ ಅಮೀರ್ಬೀ ಮಳೆ ಅಳೆದು, ಗೋಡೆಯ ಆಚೆಯಿಂದ ಅಂಕಿ ಕೂಗಿ ಹೇಳುತ್ತಿದ್ದಳು. ಆಚಾರ್ಯರು ಅದನ್ನು ನೆನಪಿಟ್ಟುಕೊಂಡು ಊಟವಾದ ಮೇಲೆ ಪುಸ್ತಕದಲ್ಲಿ ಬರೆಯುತ್ತಿದ್ದರು. ಹಾಗಾದರೆ ಪತ್ರಿಕೆಯಲ್ಲಿ ಬಂದ ಸಂಶೋಧನೆ ಹವಾಮಾನದ್ದಲ್ಲ… ಮಾವನ ಮಡಿಯದು! ಇದನ್ನು ಬಾಯಲ್ಲಿ ಉಂಡಿ ಇಟ್ಟುಕೊಂಡು ಹೇಗೆ ಹೇಳುವುದು, ಹೇಳಿ!

ಮರುದಿನ ಕಲಬುರಗಿಯಲ್ಲಿ ಮೇಡಂ ಪಟ್ಟಿ ನೋಡಿ ಕನ್ನಡಕ ತೆಗೆದರು. “ಹಿಂಗ್ಯಾಕಾತು ಅನ್ನೋದಕ್ಕ ಕಾರಣ ಬರೀಬೇಕು ಪ್ರಮಿತಾ. ಕಾರಣ ಇಲ್ಲಂದ್ರ ಪ್ರಬಂಧ ಒಪ್ಪಂಗಿಲ್ಲ. ಹತ್ತು ದಿನ ಟೈಮ್ ಅದ.”

ಪ್ರಮಿತಾಳ ಬಾಯಿಂದ ಮಾತು ತಾನಾಗಿಯೇ ಬಂದುಬಿಟ್ಟಿತು. “ಆ ನಾಲ್ಕು ತಿಂಗಳು ಶಾಲಿ ಕಸ ಹೊಡಿಯೋ ಹೆಂಗಸು ಅಳೀತಾಳ್ರಿ ಮೇಡಂ. ಓದು ಬರಹ ಇಲ್ಲ. ತಪ್ಪು ನೋಡಿರಬೇಕು.”

“ಹಂಗಿದ್ರ ಹಂಗs ಬರೀರಿ.”

ಬರೆದಳು. ‘ಅಶಿಕ್ಷಿತ ಸಹಾಯಕಿಯ ಅಜಾಗರೂಕತೆಯಿಂದ ಈ ತಿಂಗಳುಗಳ ಅಳತೆ ತಪ್ಪಾಗಿದೆ’ ಎಂದು ಇಂಗ್ಲಿಷಿನಲ್ಲಿ ಒಂದೇ ಒಂದು ಸಾಲು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮಾವನ ಮರ್ಯಾದೆ ಉಳಿಯಿತು, ಪದವಿಯೂ ಉಳಿಯಿತು. ಬಸ್ಸಿನಲ್ಲಿ ಕುಳಿತು ಸೇಡಂ ಕಡೆ ಬರುವಾಗ ಮಾತ್ರ ಒಳಗೆ ಏನೋ ಚುಚ್ಚತೊಡಗಿತು. ತಪ್ಪು ನೋಡುವವಳು ದಿನಾ ಸರಿಯಾಗಿ ಒಂದೂವರೆ ಪಟ್ಟೇ ತಪ್ಪುತ್ತಾಳೆಯೇ? ಬಸ್ ಇಳಿದವಳು ಮನೆಗೆ ಹೋಗದೆ ನೆಟ್ಟಗೆ ಶಾಲೆಗೆ ಹೋದಳು.

ಅಮೀರ್ಬೀ ಬೇವಿನ ಗಿಡದ ಕೆಳಗೆ ಎಲೆ ಗುಡಿಸುತ್ತಿದ್ದಳು. ಐವತ್ತೈದು ದಾಟಿದ ತೆಳ್ಳನೆಯ ಹೆಂಗಸು. “ಮಳಿ ಹ್ಯಾಂಗ ನೋಡ್ತೀ, ತೋರ್ಸು ಅಮೀರ್ಬೀ” ಎಂದದ್ದೇ ತಡ, ಪರೀಕ್ಷೆಗೆ ಕರೆದ ಹುಡುಗಿಯಂತೆ ಉಬ್ಬಿ ಹೋದಳು. ಶಾಲೆಯ ಸಾಮಾನು ಕೋಣೆಯಿಂದ ಒಂದು ಉದ್ದನೆಯ ಗಾಜು ತಂದು, ನೀರು ಸುರಿದು, ಮಟ್ಟದ ಕಲ್ಲಿನ ಮೇಲಿಟ್ಟು, ಮೊಣಕಾಲೂರಿ ಕುಳಿತು ಕಣ್ಣನ್ನು ನೀರಿನ ಮಟ್ಟಕ್ಕೆ ತಂದಳು.

“ನೀರು ಅಂಚಿನಾಗ ಮ್ಯಾಲ ಏರಿರ್ತದ ಬೇಟಾ, ಅದು ನೋಡಬಾರ್ದು. ನಡಕ ತಗ್ಗಿರ್ತದಲ್ಲ, ಅದು ನೋಡಬೇಕು. ಮಾಸ್ತರ್ ಸಾಬ್ ಕಲಿಸ್ಯಾರ. ಅಂಕಿನೂ ಅವರೇ ಕಲಿಸಿದ್ರು, ಈ ನೆಲದ ಮ್ಯಾಲ ಬರದು ಬರದು. ಹದಿನೆಂಟೂವರಿ… ನೋಡು, ಹೌದಲ್ಲ?”

ಹೌದು! ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕಾಲೇಜಿನ ಹುಡುಗರೂ ಅಷ್ಟು ಚೆನ್ನಾಗಿ ನೋಡುವುದಿಲ್ಲ. ಪ್ರಮಿತಾ ಗಾಜನ್ನು ಎತ್ತಿ ತಳದಲ್ಲಿ ಕೊರೆದ ಗುರುತು ನೋಡಿದಳು. ಹಿಂದೆ ಅಂಗಳದಲ್ಲಿದ್ದ ಸಣ್ಣ ಬಾಯಿಯ ಮಾಪಕದ ಗಾಜು ಅದು. ಮಾವ ವ್ರತ ಹಿಡಿಯುವುದಕ್ಕೂ ಮೊದಲೇ ಮಾಪಕ ಬದಲಾಗಿ ದೊಡ್ಡ ಬಾಯಿಯದು ಬಂದಾಗ, ಅದಕ್ಕೆ ತಕ್ಕ ಹೊಸ ಗಾಜೂ ಬಂದಿತ್ತು. ದೊಡ್ಡ ಬಾಯಿ ಹಿಡಿದ ನೀರನ್ನು ಹಳೆಯ ಗಾಜಿಗೆ ಸುರಿದರೆ ಹತ್ತು ಮಿಲಿಮೀಟರ್ ಮಳೆ ಹದಿನೈದಾಗಿ ಕಾಣುತ್ತದೆ.

“ಹೊಸಾ ಗಾಜು ಯಾಕ ತಗೋಳಿಲ್ಲ ಅಮೀರ್ಬೀ?”

“ಅದು ನಿಮ್ಮ ಮನ್ಯಾಗ ಮಡಿ ಜಾಗಾದಾಗ ಇರ್ತದಲ್ಲ. ನಾ ಮುಟ್ಟಿದ್ರ ಮಾಸ್ತರ್ ಸಾಬ್ ಹ್ಯಾಂಗ ಮುಟ್ತಾರ? ನಿನಗ ಇದು ಇರ್ಲಿ ಅಂತ ಅವರೇ ಕೊಟ್ಟಾರ. ಗಾಜು ಗಾಜೇ ಅಲ್ಲೇನ?”

ದೂರಿನ ಎಳೆಯೂ ಇಲ್ಲದೆ, ಬಲು ಸಹಜವಾಗಿ ಹೇಳಿದಳು. ಅದನ್ನು ಕೇಳಿ ಪ್ರಮಿತಾಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಬೆನ್ನ ಮೇಲಿನ ಚೀಲದಲ್ಲಿ ಆ ಒಂದು ಸಾಲು ಇತ್ತು…

ಚೀಲದಲ್ಲಿದ್ದದ್ದು ಒಂದು ಪ್ರತಿ. ಇನ್ನೊಂದನ್ನು, ಬೆಳಿಗ್ಗೆ ಮನೆಯಲ್ಲೇ ಕರಡು ಮಾಡಿದ್ದನ್ನು, ಅವಳು ಮೇಜಿನ ಮೇಲೆ ಮರೆತು ಹೋಗಿದ್ದಳು. ಮೇಡಂ ಎದುರು ‘ತಾನಾಗಿಯೇ’ ಬಂದ ಮಾತು ಬೆಳಿಗ್ಗೆಯೇ ಸಿದ್ಧವಾಗಿತ್ತೆಂದು ಇದರಿಂದಲೇ ತಿಳಿಯಿರಿ. ಮನಸ್ಸಿಗೆ ಕಳ್ಳತನ ಕಲಿಸಬೇಕಾಗಿಲ್ಲ. ಅವಳು ಮನೆ ಹೊಕ್ಕಾಗ ಆಚಾರ್ಯರು ಆ ಹಾಳೆ ಹಿಡಿದು ಪಡಸಾಲೆಯಲ್ಲಿ ಶತಪಥ ಹಾಕುತ್ತಿದ್ದರು.

“ಇಪ್ಪತ್ತೇಳು ವರ್ಷ! ಇಪ್ಪತ್ತೇಳು ವರ್ಷ ನಂಬಿದ್ನಲ್ಲ ಆ ಹೆಂಗಸಿನ್ನ! ಅಮೀರ್ಬೀ! ಏ ಅಮೀರ್ಬೀ! ಬಾ ಇಲ್ಲೆ!”

ಅಮೀರ್ಬೀ ಪೊರಕೆ ಹಿಡಿದುಕೊಂಡೇ ಓಡಿ ಬಂದು ಅಂಗಳದಲ್ಲಿ ನಿಂತಳು. ಓಣಿಯ ಬಾಗಿಲುಗಳು ತೆರೆದವು.

“ನನ್ನ ಸೊಸಿ ಓದಿಗೆ ಮಣ್ಣು ಹಾಕಿದಿ! ನನ್ನ ಪುಸ್ತಕ ಕೆಡಿಸಿದಿ! ಅಂಕಿ ಕಲಿಸಿದ್ದಕ್ಕ ಇದೇನ ನೀ ಕೊಟ್ಟ ಫಲ? ಇನ್ನ ಆ ಮಾಪಕದ ಸನೇಕ ಹೋಗಬ್ಯಾಡ!”

“ಮಾಸ್ತರ್ ಸಾಬ್… ಗಾಜಿನಾಗ ಏನ್ ಕಂಡದೋ ಅದs ಹೇಳೀನಿ. ಅಲ್ಲಾ ಕಸಂ, ಒಂದು ದಿನಾನೂ ಸುಳ್ಳು ಹೇಳಿಲ್ಲ…”

“ಬಾಯಿ ಮುಚ್ಚು!”

ಆ ಹೆಂಗಸು ಸುತ್ತ ಒಮ್ಮೆ ನೋಡಿದಳು. ಯಾರಾದರೂ ಒಂದು ಮಾತು ಆಡುತ್ತಾರೇನೋ ಎಂದು ನೋಡಿದಳೋ, ಹೋಗುವ ದಾರಿ ಯಾವುದೆಂದು ನೋಡಿದಳೋ! ಪ್ರಮಿತಾ ನಡುಮನೆಯ ಬಾಗಿಲ ಹಿಂದೆ ನಿಂತಿದ್ದಳು. ಒಂದು ಮಾತು… ಒಂದೇ ಒಂದು ಮಾತು ಸಾಕಿತ್ತು. ‘ಮಾವನವರ, ತಪ್ಪು ಆಕಿದಲ್ಲ’ ಎಂದಿದ್ದರೆ ಸಾಕಿತ್ತು! ಅವಳು ಬಾಗಿಲ ಮರೆಯಿಂದ ಹೊರಗೆ ಬರಲಿಲ್ಲ. ಓದಿಗೆ ಕಳಿಸಿದ ದೇವರಂಥ ಮಾವನನ್ನು ಓಣಿಯ ಎದುರು ತಪ್ಪುಗಾರನಾಗಿ ನಿಲ್ಲಿಸುವುದೇ? ಹಾಗೆಂದು ಅವಳು ತನಗೆ ತಾನೇ ಹೇಳಿಕೊಂಡಳು. ಅಮೀರ್ಬೀ ಹೊರಟು ಹೋದಳು.

ಆ ಸಂಜೆ ಪ್ರಮಿತಾ ಗಂಡನ ಮುಂದೆ ಎಲ್ಲವನ್ನೂ ಹೇಳಿಕೊಂಡು ಅತ್ತಳು. ಅಡುಗೆಮನೆಯಿಂದ ಲೀಲಾಬಾಯಿ ಕೇಳಿಸಿಕೊಂಡು ಹೊರಗೆ ಬಂದರು.

“ಈ ಮನಿ ಮಡೀನ ಕಾಲೇಜಿನಾಗ ಬರದು ಹರಾಜು ಹಾಕ್ತೀಯೇನ? ಗುಡಿಸೋ ಹೆಂಗಸಿನ ಸಲುವಾಗಿ ಮಾವನ ಮಾರಿಗೆ ಮಸಿ ಬಳೀತೀಯಾ? ಅವರು ನಿನ್ನ ಮಗಳಂಗ ನೋಡಿದ್ದು ಇದಕ್ಕs ಏನ?”

ಸುಮಧ್ವ ಅಂದು ಮೊದಲ ಬಾರಿಗೆ ಸ್ಪಷ್ಟವಾಗಿ ಮಾತಾಡಿದ. “ಅಪ್ಪನ ಹೆಸರು ಬರದರ ನೀ ಕಲಬುರಗಿ ಬಸ್ ಹತ್ತೂದು ಅವತ್ತಿಗೇ ಬಂದ್. ಈಗ ಬರದದ್ದು ಇರ್ಲಿ. ಆಕಿಗೇನು, ಇಂಗ್ಲಿಷ್ ಓದ್ಲಿಕ್ಕ ಬರ್ತದೇನು?”

ಅತ್ತ ದರಿ, ಇತ್ತ ಪುಲಿ. ಮೂರು ದಿನ ಹೀಗೇ ಕಳೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಬಸ್ಸಿಗೆ ಹೊರಟಾಗ ಮಾವ ಒಂದು ಲಕೋಟೆ ಕೊಟ್ಟರು.

“ಬಸ್‌ಸ್ಟ್ಯಾಂಡಿನ ಡಬ್ಬ್ಯಾಗ ಹಾಕಿಬಿಡು. ಶಾಲಿ ಮ್ಯಾಲಿನವರಿಗೆ ಬರದೀನಿ. ಇಷ್ಟು ನಿಷ್ಕಾಳಜಿ ಹೆಂಗಸು ಕೆಲಸಕ್ಕ ಯೋಗ್ಯ ಅಲ್ಲಂತ. ನಿನ್ನ ಪ್ರಬಂಧದ ಸಾಲs ಹಾಕೀನಿ ಸಾಕ್ಷಿಗೆ.”

ಕೆಂಪು ಡಬ್ಬಿಯ ಮುಂದೆ ಅವಳು ಎಷ್ಟು ಹೊತ್ತು ನಿಂತಳೋ! ಕಲಬುರಗಿಯ ಬಸ್ ಬಂತು, ಕಂಡಕ್ಟರ್ ಎರಡು ಸಲ ಕೂಗಿದ, ಬಸ್ ಹೋಯಿತು. ಅಮೀರ್ಬೀ ಅಂಗಳದಲ್ಲಿ ನಿಂತು ಸುತ್ತ ನೋಡಿದ ನೋಟ ಕಣ್ಣ ಮುಂದಿನಿಂದ ಸರಿಯಲೊಲ್ಲದು. ‘ನನ್ನ ಒಂದು ಸಾಲು ಆಕಿ ಅನ್ನ ಕಸೀಲಿಕತ್ತದ…’ ಇಂಥ ಪದವಿಯನ್ನು ಹಿಡಿದು ಯಾರ ಮುಂದೆ ನಿಲ್ಲುವುದು? ಲಕೋಟೆಯನ್ನು ಹಾಗೆಯೇ ಹಿಡಿದುಕೊಂಡು ಅವಳು ಮನೆಗೆ ಹಿಂತಿರುಗಿದಳು. ಮಡಿಯ ಜಾಗದಿಂದ ಹೊಸ ಗಾಜನ್ನು ಎತ್ತಿಕೊಂಡಳು. “ಅಯ್ಯಯ್ಯೋ, ಸ್ನಾನ ಮಾಡಲಾರದ ಮುಟ್ಟಿದ್ಯಲ್ಲೇ!” ಎಂದು ಅತ್ತೆ ಕೂಗಿದ್ದು ಅವಳ ಕಿವಿಗೆ ಬೀಳಲಿಲ್ಲ. ಶಾಲೆಯಿಂದ ಹಳೆಯ ಗಾಜನ್ನೂ ತಂದು, ಎರಡನ್ನೂ ಮಾವನ ಮುಂದೆ ಪರಸಿಕಲ್ಲಿನ ಮೇಲಿಟ್ಟಳು. ಹೊಸದರಲ್ಲಿ ಸ್ವಲ್ಪ ನೀರು ತುಂಬಿದಳು.

“ಎಷ್ಟದ ನೋಡ್ರಿ ಮಾವನವರ.”

“ಇಪ್ಪತ್ತು.”

ಅದೇ ನೀರನ್ನು ಇನ್ನೊಂದಕ್ಕೆ ಸುರಿದಳು. “ಈಗ?”

ಆಚಾರ್ಯರು ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ನೀರು ಮೂವತ್ತರ ಗೆರೆ ಮುಟ್ಟಿತ್ತು. ನಲವತ್ತು ವರ್ಷ ಮಳೆ ಅಳೆದವರಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

“ಆಕಿಗೆ ಈ ಗಾಜು… ನಾನs ಕೊಟ್ಟೆ.”

“ನನಗ ಗೊತ್ತಿತ್ರಿ!” ಪ್ರಮಿತಾ ಅವರ ಕಾಲ ಬಳಿ ಕುಸಿದಳು. “ನೀವು ಆಕಿಗೆ ಬೈಯುವಾಗs ಗೊತ್ತಿತ್ತು. ಬಾಗಿಲ ಹಿಂದ ನಿಂತು ಸುಮ್ಮನಿದ್ದೆ. ಆ ಸಾಲು ಸುಳ್ಳರಿ ಮಾವನವರ… ಈ ಪದವಿ ನನಗ ಬ್ಯಾಡ. ಬಸ್ ಹತ್ತಂಗಿಲ್ಲ ಅಂದ್ರ ಹತ್ತಂಗಿಲ್ಲ. ಈ ಕಾಗದ ಮಾತ್ರ ನನ್ನ ಕೈಲೆ ಡಬ್ಬಿಗೆ ಹಾಕ್ಲಿಕ್ಕ ಆಗಂಗಿಲ್ಲ!”

ಲೀಲಾಬಾಯಿ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದರು. “ಏನ್ರಿ, ಮಡಿ ಮಾಡಿದ್ದು ತಪ್ಪೇನ್ರಿ? ದೇವರಿಗಂತ ಮಾಡಿದ್ದಲ್ಲೇನ್ರಿ?”

ಆಚಾರ್ಯರ ಧ್ವನಿ ಅವರದೇ ಎನ್ನಿಸದಷ್ಟು ಕುಗ್ಗಿತ್ತು. “ಮಡಿ ತಪ್ಪಲ್ಲ ಲೀಲಾ. ಆಕಿ ಮುಟ್ಟಿದ ಗಾಜು ನನಗ ನಡೀಲಿಲ್ಲ. ಆಕಿ ಬಾಯಿಂದ ಬಂದ ಅಂಕಿ ಮಾತ್ರ ನಡೀತು. ದಿನಾ ನನ್ನ ಹೆಸರಿನ ಮುಂದ ಬರಕೊಂಡೆ. ಅಂಕಿಗೆ ಮೈಲಿಗಿ ತಟ್ಟಲಿಲ್ಲ ನೋಡು!… ಥೂ, ಎಂಥಾ ಬಾಳು ಬಾಳಿದೆ ನಾನು!” ಎಂದವರೇ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತುಬಿಟ್ಟರು.

ಅತ್ತು ಮುಗಿದ ಮೇಲೆ ಪ್ರಬಂಧದ ಹಾಳೆ ತರಿಸಿದರು. ಆ ಸಾಲನ್ನು ತಮ್ಮ ಕೈಯಿಂದಲೇ ಹೊಡೆದು ಹಾಕಿದರು. “ನಾ ಹೇಳ್ತೀನಿ, ಬರಿ. ಸಹಾಯಕಿ ಮುಟ್ಟಿದ ಗಾಜು ವೀಕ್ಷಕ ಶ್ರೀರಾಮಾಚಾರ್ಯನಿಗೆ ಮಡಿಗೆ ಬರುತ್ತಿರಲಿಲ್ಲ. ಆದ್ದರಿಂದ ಅವನು ಆಕೆಗೆ ತಪ್ಪು ಗಾಜು ಕೊಟ್ಟ. ಆಕೆಯ ಓದುವಿಕೆಯಲ್ಲಿ ತಪ್ಪಿಲ್ಲ. ಆಕಿ ಹೆಸರು ಅಮೀರ್ಬೀ ಅಂತ ಪೂರ್ತಿ ಬರಿ. ನನ್ನ ಹೆಸರೂ ಪೂರ್ತಿ ಬರಿ. ಸುಮಧ್ವಗ ನಾ ಹೇಳ್ತೀನಿ. ನೀ ನಾಳೆ ಬಸ್ ಹತ್ತು.” ಲಕೋಟೆಯನ್ನು ಹರಿದು ಒಲೆಗೆ ಹಾಕಿ, ಕಾಲಿಗೆ ಚಪ್ಪಲಿ ಮೆಟ್ಟಿ, ಹುಟ್ಟಿದಾಗಿನಿಂದ ಒಮ್ಮೆಯೂ ಕಾಲಿಡದ ಅಮೀರ್ಬೀಯ ಓಣಿಯ ದಾರಿ ಹಿಡಿದರು. ಅಲ್ಲಿ ಏನು ಮಾತಾಯಿತೆಂದು ಅವರು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬಂದವರೇ ಮಳೆ ಅಳೆಯುವ ಕೆಲಸ ತಮಗೆ ಸಾಕೆಂದು ಇಲಾಖೆಗೆ ಬರೆದುಕೊಂಡರು.

ಆ ನಾಲ್ಕು ತಿಂಗಳ ಅಂಕಿಗಳನ್ನು ಒಂದೂವರೆಯಿಂದ ಭಾಗಿಸಿದ ಮೇಲೆ ಸೇಡಂನ ಮಳೆ ಚಿತ್ತಾಪುರ, ಚಿಂಚೋಳಿಯ ಮಳೆಯ ಜೊತೆ ಹೆಜ್ಜೆ ಹಾಕಿತು. ಹಿಂದೆ ಸರಿದ ಮುಂಗಾರು ಸರಿದೇ ಇರಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಪ್ರಮಿತಾ ಪರೀಕ್ಷಕರ ಎದುರು ಆ ಸಾಲುಗಳನ್ನು ತಲೆ ತಗ್ಗಿಸಿಕೊಂಡೇ ಓದಿದಳು. ಒಬ್ಬರು ಮುಗುಳ್ನಕ್ಕರು, ಇನ್ನೊಬ್ಬರು ಕಿಟಕಿಯ ಕಡೆ ನೋಡಿದರು. ಸೆಕೆಂಡ್ ಕ್ಲಾಸ್ ಸಿಕ್ಕಿತು. ಪತ್ರಿಕೆಯವರು ಈ ಸಲ ಬರಲಿಲ್ಲ. ಓಣಿಯಲ್ಲಿ ಮಾತ್ರ ನಾಲ್ಕು ದಿನ ಗುಸುಗುಸು ನಡೆಯಿತು. ಲೀಲಾಬಾಯಿ ಮಠಕ್ಕೆ ಹೋಗುವುದನ್ನು ಸ್ವಲ್ಪ ದಿನ ಬಿಟ್ಟರು. ಆಚಾರ್ಯರು ಬಿಡಲಿಲ್ಲ; ಕೇಳಿದವರಿಗೆಲ್ಲ “ಹೌದು, ನಾ ಮಾಡಿದ್ದು” ಎನ್ನುತ್ತಿದ್ದರು.

ಪದವಿಯ ಕಾಗದ ಕೈಗೆ ಬಂದ ದಿನ ಪ್ರಮಿತಾ ಅದನ್ನು ಹಿಡಿದುಕೊಂಡು ಶಾಲೆಯ ಅಂಗಳಕ್ಕೆ ಹೋದಳು. ಇಷ್ಟು ದಿನ ಆ ಕಡೆ ಹೋಗಲು ಅವಳಿಗೆ ಕಾಲು ಬಂದಿರಲಿಲ್ಲ.

“ಇದರಾಗ ನಿನ್ನ ಹೆಸರೂ ಸೇರೇದ ಅಮೀರ್ಬೀ. ನನ್ನದು ತಪ್ಪಾತು… ಮಾಫ್ ಮಾಡು.”

ಅಮೀರ್ಬೀ ಪೊರಕೆ ನಿಲ್ಲಿಸಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಸಿಟ್ಟಾದರೂ ಇದ್ದಿದ್ದರೆ!

“ಮಾಸ್ತರ್ ಸಾಬ್ ಬಂದಿದ್ರು. ಹೊಸ್ತಿಲ ಮ್ಯಾಲ ಕುಂತು ಅತ್ರು. ಅವರಿಗೆ ಗೊತ್ತಿದ್ದಿಲ್ಲ ಬೇಟಾ, ಅವರದು ಮಾಫ್ ಆತು.” ಅವಳು ಪೊರಕೆಯ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸರಿಮಾಡಿದಳು. “ನಿನಗ ಗೊತ್ತಿತ್ತು. ಆವತ್ತ ನಾ ಅಂಗಳದಾಗ ನಿಂತು ಸುತ್ತ ನೋಡಿದೆನಲ್ಲ, ಬಾಗಿಲ ಹಿಂದ ನಿನ್ನ ಸೀರಿ ಸೆರಗು ಕಾಣಸ್ತಿತ್ತು. ಈಗ ಮಾತಾಡ್ತಾಳ, ಈಗ ಮಾತಾಡ್ತಾಳ ಅಂತ ಕಾದೆ…”

ಪ್ರಮಿತಾ ಶಾಲೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಕ್ಷಮಿಸಿದೆ ಎಂದೂ ಆ ಹೆಂಗಸು ಹೇಳಲಿಲ್ಲ, ಎದ್ದು ಹೋಗು ಎಂದೂ ಹೇಳಲಿಲ್ಲ. ಗಂಟೆ ಹೊಡೆಯುವುದರೊಳಗೆ ಮುಗಿಸಬೇಕಾದ ಕೆಲಸ ಬಹಳವಿತ್ತು. ಅಮೀರ್ಬೀ ಬಗ್ಗಿ ಮತ್ತೆ ಗುಡಿಸತೊಡಗಿದಳು. ಮೇಲಿನ ಮೆಟ್ಟಿಲಿನಿಂದ ಗುಡಿಸುತ್ತ ಬಂದವಳು, ಪ್ರಮಿತಾ ಕುಳಿತಿದ್ದ ಜಾಗವೊಂದನ್ನು ಬಿಟ್ಟು, ಕೆಳಗಿನದಕ್ಕೆ ಇಳಿದಳು.